ನಿತ್ಯಪುಷ್ಪ ಮತ್ತು ವಿನ್‌ಕ್ರಿಸ್ಟಿನ್: ಒಂದು ಔಷಧದ ಚರಿತ್ರೆ

ಬೆಂಗಳೂರಿನಿಂದ ತುಮಕೂರಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿರುವ ಮಾದನಾಯಕನಹಳ್ಳಿಯಲ್ಲಿ ಇಂದು ಹೊಲಗದ್ದೆಗಳಿಗಿಂತ ಕಾರ್ಖಾನೆ, ಉಗ್ರಾಣಗಳೇ ಎದ್ದು ಕಾಣುತ್ತವೆ. ಆದರೂ ಹಳೆಯ ಮನೆಗಳ ಅಂಗಳದಲ್ಲಿ ವರ್ಷವಿಡೀ ಹೂಬಿಡುವ ಒಂದು ಸಣ್ಣ ಗಿಡ ಉಳಿದುಕೊಂಡಿದೆ. ಇದನ್ನು ನಿತ್ಯಪುಷ್ಪವೆಂದೂ ಕಾಶಿಕಣಗಿಲೆಯೆಂದೂ ಕರೆಯುತ್ತಾರೆ. ನಮ್ಮ ಪೂರ್ವಿಕರು ಇದರ ಎಲೆಯಿಂದ ಅರ್ಬುದ ರೋಗವನ್ನು ಗುಣಪಡಿಸುತ್ತಿದ್ದರೆಂಬ ಮಾತನ್ನು ಅಲ್ಲಿ ನಾವು ಹಲವು ಬಾರಿ ಕೇಳಿದ್ದೇವೆ. ಈ ಮಾತಿಗೆ ಚರಿತ್ರೆಯ ಆಧಾರವೆಷ್ಟು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೊದಲನೆಯದಾಗಿ, ಈ ಗಿಡ ನಮ್ಮ ನಾಡಿನದಲ್ಲ. ಇದರ ತವರು ಮಡಗಾಸ್ಕರ್ ದ್ವೀಪ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನ್ನೇಯಸ್ 1759ರಲ್ಲಿ ಇದಕ್ಕೆ ವಿಂಕಾ ರೋಸಿಯ ಎಂಬ ಹೆಸರನ್ನಿತ್ತನು. ಕಾಶಿಯ ಹೆಸರು ಸೇರಿದ ಮಾತ್ರಕ್ಕೆ, ಅಥವಾ ಸಂಸ್ಕೃತದ ಪದವೊಂದು ಅಂಟಿಕೊಂಡ ಮಾತ್ರಕ್ಕೆ, ಒಂದು ವಸ್ತು ಪ್ರಾಚೀನವಾಗಲಾರದು. ಹೆಸರನ್ನೇ ಪ್ರಮಾಣವಾಗಿ ಹಿಡಿಯುವುದು ಇತಿಹಾಸದ ವಿದ್ಯಾರ್ಥಿಗೆ ಸಲ್ಲದ ಕ್ರಮ.

ಎರಡನೆಯದಾಗಿ, ಹಲವು ದೇಶಗಳ ಜನ ಈ ಎಲೆಯನ್ನು ಬಳಸುತ್ತಿದ್ದುದು ಮಧುಮೇಹಕ್ಕೇ ಹೊರತು ಅರ್ಬುದಕ್ಕಲ್ಲ. 1952ರಲ್ಲಿ ಜಮೈಕದಿಂದ ಬಂದ ಇಂತಹ ಕೆಲವು ಎಲೆಗಳು ಕೆನಡದ ಪಶ್ಚಿಮ ಒಂಟೇರಿಯೊ ವಿಶ್ವವಿದ್ಯಾನಿಲಯದ ರಾಬರ್ಟ್ ನೋಬಲ್ ಅವರ ಕೈಸೇರಿದವು. ಎಲೆಯ ಸಾರವನ್ನು ಇಲಿಗಳಿಗೆ ಬಾಯಿಯ ಮೂಲಕ ಕೊಟ್ಟಾಗ ರಕ್ತದ ಸಕ್ಕರೆ ಇಳಿಯಲಿಲ್ಲ. ಚುಚ್ಚಿ ಕೊಟ್ಟಾಗ ಇಲಿಗಳು ಸೋಂಕಿನಿಂದ ಸತ್ತವು. ಅವುಗಳ ರಕ್ತದ ಶ್ವೇತಕಣಗಳು ತೀರ ಕುಗ್ಗಿದ್ದವು. ಶ್ವೇತಕಣಗಳನ್ನು ಕುಗ್ಗಿಸುವ ವಸ್ತು, ಅವು ಮಿತಿಮೀರಿ ಬೆಳೆಯುವ ರಕ್ತಾರ್ಬುದಕ್ಕೆ ಮದ್ದಾಗಬಹುದೆಂಬ ಆಲೋಚನೆ ಇದರಿಂದ ಹುಟ್ಟಿತು. ನೋಬಲ್ ಮತ್ತು ಚಾರ್ಲ್ಸ್ ಬಿಯರ್ ವಿನ್‌ಬ್ಲಾಸ್ಟಿನ್ ಎಂಬ ಕ್ಷಾರಾಭವನ್ನು ಬೇರ್ಪಡಿಸಿ 1958ರಲ್ಲಿ ಪ್ರಕಟಿಸಿದರು. ಅದೇ ಕಾಲದಲ್ಲಿ ಅಮೆರಿಕದ ಎಲೈ ಲಿಲಿ ಸಂಸ್ಥೆಯ ಗೋರ್ಡನ್ ಸ್ವೊಬೋಡ ಮೊದಲಾದವರು ನಡೆಸಿದ ಶೋಧನೆಯಿಂದ ವಿನ್‌ಕ್ರಿಸ್ಟಿನ್ ದೊರೆಯಿತು. 1963ರಲ್ಲಿ ಅದಕ್ಕೆ ಅಲ್ಲಿನ ಸರ್ಕಾರದ ಅನುಮತಿ ಲಭಿಸಿತು.

ಜೀವಕೋಶವು ಎರಡಾಗಿ ಒಡೆಯುವಾಗ ವರ್ಣತಂತುಗಳನ್ನು ಎಳೆದು ಹಂಚುವ ಸೂಕ್ಷ್ಮ ನಾಳಗಳು ರೂಪುಗೊಳ್ಳದಂತೆ ವಿನ್‌ಕ್ರಿಸ್ಟಿನ್ ತಡೆಯುತ್ತದೆ. ಮಕ್ಕಳ ತೀವ್ರ ರಕ್ತಾರ್ಬುದ, ದುಗ್ಧಗ್ರಂಥಿಗಳ ಅರ್ಬುದ, ಮಕ್ಕಳ ಮೂತ್ರಪಿಂಡದ ಗಡ್ಡೆ ಮುಂತಾದವುಗಳಲ್ಲಿ, ಇತರ ಔಷಧಗಳೊಡನೆ ಇದರ ಪ್ರಯೋಗ ಇಂದಿಗೂ ನಡೆದಿದೆ. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸಂಸ್ಥೆ ಆರಂಭವಾದ ಮೇಲೆ ಇಂತಹ ರಸಾಯನ ಚಿಕಿತ್ಸೆ ನಮ್ಮ ಹಳ್ಳಿಗಳ ಬಡವರಿಗೂ ಎಟುಕುವಂತಾಯಿತು.

ಆದರೆ ಇದೇ ಶಕ್ತಿ ನರಗಳನ್ನೂ ಬಾಧಿಸುತ್ತದೆ. ಬೆರಳುಗಳಲ್ಲಿ ಜೋಮು, ಪಾದಗಳಲ್ಲಿ ಬಲಹೀನತೆ, ದವಡೆಯ ನೋವು, ತೀವ್ರ ಮಲಬದ್ಧತೆ ಕಾಣಿಸಿಕೊಳ್ಳಬಹುದು. ಔಷಧ ರಕ್ತನಾಳದಿಂದ ಹೊರಕ್ಕೆ ಸೋರಿದರೆ ಸುತ್ತಲಿನ ಮಾಂಸ ಕೊಳೆಯುತ್ತದೆ. ಇದನ್ನು ರಕ್ತನಾಳದೊಳಕ್ಕೆ ಮಾತ್ರ ಕೊಡತಕ್ಕದ್ದು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಸೇರಿಸಿದರೆ ಬಹುಮಟ್ಟಿಗೆ ಮರಣವೇ ಗತಿ. ಇಂತಹ ಮರಣ 1968ರಲ್ಲಿಯೇ ವರದಿಯಾಗಿದ್ದರೂ ತಪ್ಪು ಮರುಕಳಿಸುತ್ತಲೇ ಬಂದುದರಿಂದ, ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಎಚ್ಚರಿಕೆಯನ್ನು ಹೊರಡಿಸಿ, ಔಷಧವನ್ನು ಪಿಚಕಾರಿಯಲ್ಲಿ ತುಂಬದೆ ದ್ರವದ ಸಣ್ಣ ಚೀಲದಲ್ಲಿ ಬೆರೆಸಿ ಕೊಡಬೇಕೆಂದು ಸಲಹೆಯಿತ್ತಿತು. ಇನ್ನು ಇತರ ಔಷಧಗಳೊಡನೆ ಇದರ ವರ್ತನೆ. ವಿನ್‌ಕ್ರಿಸ್ಟಿನ್ ಪಿತ್ತಜನಕಾಂಗದಲ್ಲಿ ಕರಗಿ ಹೋಗತಕ್ಕ ವಸ್ತು. ಬೂಷ್ಟಿನ ಸೋಂಕಿಗೆ ಕೊಡುವ ಇಟ್ರಕೊನಜೋಲ್ ಅದನ್ನು ತಡೆದು ನರಗಳ ಬಾಧೆಯನ್ನು ಹೆಚ್ಚಿಸುತ್ತದೆ; ಮೂರ್ಛೆರೋಗಕ್ಕೆ ಕೊಡುವ ಫೆನಿಟೋಯಿನ್ ಅದನ್ನು ಬೇಗನೆ ಕರಗಿಸಿ ಚಿಕಿತ್ಸೆಯ ಬಲವನ್ನು ತಗ್ಗಿಸುತ್ತದೆ. ಆದುದರಿಂದ ರೋಗಿಯು ತಾನು ಸೇವಿಸುವ ಪ್ರತಿಯೊಂದು ಮದ್ದನ್ನೂ, ನಾಟಿ ಮದ್ದನ್ನೂ ಸಹ, ವೈದ್ಯರಿಗೆ ತಿಳಿಸುವುದು ಅವಶ್ಯಕ.

ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋಗ್ರಾಂ ಒಣಗಿದ ಎಲೆ ಬೇಕಾಗುತ್ತದೆ. ವಿನ್‌ಕ್ರಿಸ್ಟಿನ್ ಅದಕ್ಕಿಂತಲೂ ವಿರಳ. ಹೀಗಿರುವಾಗ ಅಂಗಳದ ನಾಲ್ಕು ಎಲೆಗಳನ್ನು ಅಗಿದರೆ ಅರ್ಬುದ ವಾಸಿಯಾದೀತೆಂದು ನಂಬುವುದು ಹೇಗೆ? ಆ ಎಲೆಗಳಲ್ಲಿ ಹತ್ತಾರು ಬಗೆಯ ಕ್ಷಾರಾಭಗಳಿವೆ. ಹೊಟ್ಟೆ ಸೇರಿದುದು ಯಾವುದು, ಎಷ್ಟು ಎಂಬುದನ್ನು ಅಳೆಯುವ ಉಪಾಯ ಮನೆಯಲ್ಲಿಲ್ಲ. ಆ ನಂಬಿಕೆಯಿಂದ ಆಸ್ಪತ್ರೆಯ ಚಿಕಿತ್ಸೆಯನ್ನು ಮುಂದೂಡಿದರೆ, ಗುಣವಾಗಬಹುದಾಗಿದ್ದ ಮಗುವೊಂದು ಕೈತಪ್ಪಿ ಹೋಗಬಹುದು.

ಜನಪದದ ತಿಳಿವನ್ನು ಹೀಗಳೆಯುವುದು ನಮ್ಮ ಅಭಿಪ್ರಾಯವಲ್ಲ. ಎಲೆಯನ್ನು ವಿಜ್ಞಾನಿಯ ಮೇಜಿಗೆ ತಲುಪಿಸಿದುದು ಆ ತಿಳಿವೇ. ಆದರೆ ಅದು ಹೇಳಿದುದು ಒಂದು, ಪರೀಕ್ಷೆಯಿಂದ ಹೊರಬಂದುದು ಇನ್ನೊಂದು. ಈ ಎರಡನ್ನೂ ಬೆರೆಸದೆ ಅವುಗಳಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸುವುದು ಚರಿತ್ರಕಾರನ ಕರ್ತವ್ಯ. ಈ ವಿವೇಕವನ್ನು ನಮ್ಮ ವಿದ್ಯಾರ್ಥಿಗಳು ತಮ್ಮ ತಮ್ಮ ಊರುಗಳಿಗೆ ಮುಟ್ಟಿಸಿದರೆ ಈ ಅಧ್ಯಯನ ಸಾರ್ಥಕವಾಗುತ್ತದೆ.