ಈಗ ಏನು ಓದುತ್ತಿದ್ದೀರಿ?



ಇತ್ತೀಚೆಗೆ ಮೈಸೂರಿನಲ್ಲಿ ಒಂದು ಮದುವೆಗೆ ಹೋಗಿದ್ದಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಳಿ ಬಂದು ನಮಸ್ಕರಿಸಿದ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿಯೇ ಕುಳಿತು, "ಸಾರ್, ಈಗ ಏನು ಓದುತ್ತಿದ್ದೀರಿ?" ಎಂದು ಕೇಳಿದ. ಸಕ್ಕರೆ ಎಷ್ಟಿದೆ, ಮಂಡಿನೋವು ಹೇಗಿದೆ ಎಂದು ವಿಚಾರಿಸುವವರೇ ಹೆಚ್ಚಾಗಿರುವ ಈ ವಯಸ್ಸಿನಲ್ಲಿ ಆ ಪ್ರಶ್ನೆ ನನಗೆ ಪಾಯಸಕ್ಕಿಂತ ರುಚಿಸಿತು. "ನಂಜನಗೂಡು ತಿರುಮಲಾಂಬಾ ಅವರ 'ಸುಶೀಲೆ'ಯನ್ನು ಓದುತ್ತಿದ್ದೇನೆ" ಎಂದೆ. ಅವನು ನಂಜನಗೂಡು ತಾಲ್ಲೂಕಿನಲ್ಲಿಯೇ ಹುಟ್ಟಿ ಬೆಳೆದವನು. ಆದರೂ ಆ ಹೆಸರನ್ನು ಕೇಳಿರಲಿಲ್ಲ. ತಪ್ಪು ಅವನದಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಇತಿಹಾಸ ಪಾಠ ಹೇಳಿದ ನಾನು ಒಂದು ದಿನವಾದರೂ ಆ ಹೆಸರನ್ನು ತರಗತಿಯಲ್ಲಿ ಉಚ್ಚರಿಸಿರಲಿಲ್ಲ. ಅಂದಿನಿಂದ ಮನಸ್ಸಿನಲ್ಲಿ ಕೊರೆಯುತ್ತಿದ್ದ ಕೆಲವು ವಿಚಾರಗಳನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಒಬ್ಬರೇ ಕುಳಿತು ಮೌನವಾಗಿ ಓದುವುದು ನಮ್ಮ ನಾಡಿನಲ್ಲಿ ತೀರಾ ಈಚಿನ ಅಭ್ಯಾಸ. ಅದಕ್ಕೆ ಮೊದಲು ಓದು ಎಂದರೆ ಹತ್ತು ಜನ ಕೂಡಿ ಕೇಳುವ ಕಾರ್ಯವೇ ಆಗಿತ್ತು. ಗದುಗಿನ ಭಾರತ, ಲಕ್ಷ್ಮೀಶನ ಜೈಮಿನಿ ಭಾರತಗಳು ಶತಮಾನಗಳ ಕಾಲ ಉಳಿದು ಬಂದದ್ದು ಹೀಗೆಯೇ. ಗಮಕಿ ಪದ್ಯವನ್ನು ರಾಗವಾಗಿ ವಾಚನ ಮಾಡುತ್ತಿದ್ದ; ವ್ಯಾಖ್ಯಾನಕಾರ ಅರ್ಥ ಬಿಡಿಸಿ ಹೇಳುತ್ತಿದ್ದ. ಮಳೆ ಕೈಕೊಟ್ಟ ವರ್ಷ ವಿರಾಟಪರ್ವವನ್ನು ಓದಿಸಿದರೆ ಮಳೆ ಬರುತ್ತದೆಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿತ್ತು. ಮಳೆ ಬರುತ್ತಿತ್ತೋ ಇಲ್ಲವೋ, ಅಕ್ಷರ ಬಾರದವರ ಮನೆಗೂ ಕುಮಾರವ್ಯಾಸ ಬರುತ್ತಿದ್ದನಷ್ಟೆ! ಮುಡುಕುತೊರೆಯ ನಮ್ಮ ಮನೆಯಲ್ಲಿ ಅಜ್ಜಿಗೆ ಸಹಿ ಹಾಕಲೂ ಬರುತ್ತಿರಲಿಲ್ಲ. ಆದರೆ ಶನಿವಾರದ ಸಂಜೆ ಶನಿಮಹಾತ್ಮೆ ಓದುವಾಗ ನಾನೊಂದು ಸಾಲು ಹಾರಿಸಿದರೆ, "ಅಲ್ಲೇನೋ ಬಿಟ್ಟೆ ಕಣೋ ಮಗಾ" ಎಂದು ಒಳಮನೆಯಿಂದಲೇ ತಿದ್ದುತ್ತಿದ್ದರು.

ಅಚ್ಚಿನ ಪುಸ್ತಕ ಬಂದ ಮೇಲೆ ಈ ಕೂಟ ಬೇರೊಂದು ರೂಪ ತಾಳಿತು. ಅದಕ್ಕೆ ನಮ್ಮ ನೆರೆಯಲ್ಲಿಯೇ ಇರುವ ಉಜ್ವಲ ಉದಾಹರಣೆ ತಿರುಮಲಾಂಬಾ. 1887ರಲ್ಲಿ ಜನಿಸಿದ ಆಕೆಗೆ ಬಾಲ್ಯವಿವಾಹವಾಗಿ, ಎಳವೆಯಲ್ಲಿಯೇ ವೈಧವ್ಯ ಒದಗಿತು. ಅಂತಹ ಹೆಣ್ಣುಮಕ್ಕಳ ಬಾಳು ಅಡಿಗೆಮನೆಯ ಮೂಲೆಗೆ ಸೇರಿಹೋಗುತ್ತಿದ್ದ ಕಾಲವದು. ವಕೀಲರಾಗಿದ್ದ ತಂದೆ ಮಗಳ ಕೈಗೆ ಪುಸ್ತಕ ಕೊಟ್ಟರು. ಮಗಳು ಓದುವುದರಲ್ಲಿಯೇ ತೃಪ್ತಳಾಗದೆ ಬರೆದಳು. ಬರೆದು ಸುಮ್ಮನಿರದೆ ಪ್ರಕಟಿಸಿದಳು. 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆ ಆರಂಭವಾಯಿತು. 'ಸುಶೀಲೆ' ಅದರ ಮೊದಲ ಕಾದಂಬರಿ. ಕೆಲವೇ ವರ್ಷಗಳಲ್ಲಿ 'ಕರ್ನಾಟಕ ನಂದಿನಿ' ಎಂಬ ಪತ್ರಿಕೆಯನ್ನೂ ಆಕೆ ಹೊರತಂದರು. ಕನ್ನಡದ ಮೊದಲ ಪತ್ರಕರ್ತೆ, ಮೊದಲ ಪ್ರಕಾಶಕಿ ಎಂಬ ಕೀರ್ತಿ ಆಕೆಗೆ ಸಲ್ಲುತ್ತದೆ.

'ಸುಶೀಲೆ'ಯ ಭಾಷೆ ಗ್ರಾಂಥಿಕ. ಅದರ ನೀತಿಬೋಧೆ ಅಂದಿನ ಕಾಲದ್ದು. ಇಂದಿನ ಹೆಣ್ಣುಮಕ್ಕಳು ಅದನ್ನು ಒಪ್ಪಲಾರರು. ನನ್ನ ಮಗಳಂತೂ ಹತ್ತು ಪುಟ ಓದಿ ಜಗಳಕ್ಕೇ ನಿಂತಳು. ಆದರೆ ನಾವು ಗಮನಿಸಬೇಕಾದ ಅಂಶ ಬೇರೆ. ಕನ್ನಡ ಬಲ್ಲ ಸ್ತ್ರೀಯರು ಊರಿಗೆ ಬೆರಳೆಣಿಕೆಯಷ್ಟಿದ್ದ ದಿನಗಳಲ್ಲಿ, ಓದುವ ಸ್ತ್ರೀಯರೆಂಬ ಒಂದು ಬಳಗ ಇದೆ, ಇರಬೇಕು ಎಂದು ಭಾವಿಸಿ ಆಕೆ ಪುಸ್ತಕ ಪ್ರಕಟಿಸಿದರು. ಆ ನಂಬಿಕೆ ಹುಸಿಯಾಗಲಿಲ್ಲ. 'ಸುಶೀಲೆ' ಮತ್ತೆ ಮತ್ತೆ ಮುದ್ರಣವಾಯಿತು.

ಮುಂದಿನ ಕಥೆ ಅಷ್ಟು ಹಿತಕರವಲ್ಲ. ಆಕೆಯ ಬರವಣಿಗೆಯ ಬಗ್ಗೆ ಕಟುವಾದ ವಿಮರ್ಶೆ ಬಂತು. ಕಾಲಕ್ರಮದಲ್ಲಿ ಲೇಖನಿ ನಿಂತಿತು. ಆಕೆ ಮದರಾಸಿಗೆ ಹೋಗಿ ನೆಲೆಸಿದರು. ಕನ್ನಡನಾಡು ಆಕೆಯನ್ನು ದಶಕಗಳ ಕಾಲ ಮರೆತಿತು. 1982ರಲ್ಲಿ, 95ರ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗಷ್ಟೇ ನಮ್ಮ ಲೇಖಕಿಯರು ಆಕೆಯನ್ನು ಮತ್ತೆ ಹುಡುಕಿ ಕಂಡುಕೊಳ್ಳತೊಡಗಿದ್ದರು. ಬೆಂಗಳೂರಿನ 'ಶಾಶ್ವತಿ' ಸಂಸ್ಥೆ ಇಂದು ಆಕೆಯ ಹೆಸರಿನಲ್ಲಿ ಲೇಖಕಿಯರಿಗೆ ಪ್ರಶಸ್ತಿ ನೀಡುತ್ತದೆ. ನಂಜನಗೂಡಿನ ಕಪಿಲೆಯ ನೀರು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರಿ, ನಮ್ಮ ಮಲ್ಲಿಕಾರ್ಜುನಸ್ವಾಮಿಯ ಬೆಟ್ಟದ ಬಳಿ ಮುರಿದು ತಲಕಾಡಿನತ್ತ ಹರಿಯುತ್ತದೆ. ನೀರು ನಮ್ಮೂರಿಗೆ ದಿನವೂ ಬಂತು. ಆ ಹೆಸರು ಮಾತ್ರ ಬರಲಿಲ್ಲ. ಏಕೆಂದರೆ ಅದನ್ನು ಬಾಯಿಂದ ಬಾಯಿಗೆ ದಾಟಿಸುವವರಿರಲಿಲ್ಲ.

ಪುಸ್ತಕವನ್ನು ಉಳಿಸುವುದು ಕಪಾಟಲ್ಲ, ಮಾತು ಎಂಬುದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ಹೊತ್ತು ಊರೂರು ತಿರುಗಿ ಓದುಗರನ್ನು ಹುಡುಕಿದರು. ಧಾರವಾಡದಲ್ಲಿ ಬೇಂದ್ರೆಯವರ 'ಗೆಳೆಯರ ಗುಂಪು' ಒಬ್ಬರು ಬರೆದದ್ದನ್ನು ಮತ್ತೊಬ್ಬರಿಗೆ ಓದಿ ಹೇಳುತ್ತಲೇ ಬೆಳೆಯಿತು. ಅದೇ ಊರಿನಲ್ಲಿ 1933ರಲ್ಲಿ ಜಿ.ಬಿ. ಜೋಶಿಯವರು 'ಮನೋಹರ ಗ್ರಂಥಮಾಲೆ'ಯನ್ನು ಆರಂಭಿಸಿ, ಚಂದಾದಾರರಾದ ಓದುಗರನ್ನೇ ಬೆನ್ನೆಲುಬಾಗಿ ಮಾಡಿಕೊಂಡರು. ಅತ್ತ ಮೈಸೂರು ವಿಶ್ವವಿದ್ಯಾನಿಲಯವು ಅದೇ ದಶಕದಲ್ಲಿ ತನ್ನ ಅಧ್ಯಾಪಕರನ್ನು ಪ್ರಚಾರೋಪನ್ಯಾಸಗಳಿಗಾಗಿ ಹಳ್ಳಿಗಳಿಗೆ ಕಳುಹಿಸಿ, ಆ ಉಪನ್ಯಾಸಗಳನ್ನು ಸುಲಭ ಬೆಲೆಯ ಪುಟ್ಟ ಪುಸ್ತಕಗಳನ್ನಾಗಿ ಅಚ್ಚು ಹಾಕಿಸಿತು. 1965ರಲ್ಲಿ ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. 2020ರ ನವೆಂಬರಿನಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿದವು. ಇವೆಲ್ಲ ಸ್ತುತ್ಯರ್ಹ ಕಾರ್ಯಗಳೇ. ಆದರೆ "ಇದನ್ನು ಓದಿದೆಯಾ? ಬಹಳ ಚೆನ್ನಾಗಿದೆ, ತೆಗೆದುಕೋ" ಎನ್ನುವ ಒಬ್ಬ ಮನುಷ್ಯ ಇಲ್ಲದಿದ್ದರೆ ಯಾವ ಗ್ರಂಥಾಲಯವೂ ಪೂರ್ಣವಾಗದು.

ಇಷ್ಟೆಲ್ಲ ಉಪದೇಶ ಮಾಡುವ ನನಗೆ ಆ ಅಧಿಕಾರ ಇದೆಯೇ? ಇದುವರೆಗೆ ಯಾರಲ್ಲಿಯೂ ಹೇಳದ ಒಂದು ಸಂಗತಿಯನ್ನು ಇಲ್ಲಿ ಹೇಳಿಬಿಡುತ್ತೇನೆ.

ಸುಮಾರು 1988ರ ಮಾತು. ಒಂಬತ್ತನೆಯ ತರಗತಿಯಲ್ಲಿ ಪಾಠ ನಡೆಯುತ್ತಿತ್ತು. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಇತಿಹಾಸದ ಪುಸ್ತಕದ ಒಳಗೆ ತ್ರಿವೇಣಿಯವರ 'ಶರಪಂಜರ'ವನ್ನು ಇಟ್ಟುಕೊಂಡು ಓದುತ್ತಿದ್ದಳು. ನಾನು ಅದನ್ನು ಕಿತ್ತುಕೊಂಡೆ. ಅಷ್ಟಕ್ಕೆ ಬಿಡದೆ, ಒಂದೆರಡು ಸಾಲನ್ನು ಅಣಕದ ದನಿಯಲ್ಲಿ ಓದಿ ತರಗತಿಯನ್ನೆಲ್ಲ ನಗಿಸಿದೆ. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಅವಳು ಎರಡು ಬಾರಿ ಬಂದು ಕೇಳಿದಳು; ಪರೀಕ್ಷೆ ಮುಗಿಯಲಿ ಎಂದೆ. ಆಮೇಲೆ ಮರೆತೆ. ಮುಂದಿನ ವರ್ಷ ಅವಳು ಶಾಲೆಗೆ ಬರಲಿಲ್ಲ. ಆ ಪುಸ್ತಕವನ್ನು ಅವಳ ತಾಯಿ ಬಾಡಿಗೆಗೆ ತಂದಿದ್ದರೆಂದೂ, ಮಧ್ಯಾಹ್ನ ಊಟದ ಬಿಡುವಿನಲ್ಲಿ ಆ ಹುಡುಗಿ ಹೊಂಗೆಮರದ ಕೆಳಗೆ ಐದಾರು ಗೆಳತಿಯರಿಗೆ ಕಥೆಯನ್ನು ದಿನಕ್ಕಿಷ್ಟು ಎಂದು ಹೇಳುತ್ತಿದ್ದಳೆಂದೂ ಸಹೋದ್ಯೋಗಿಯೊಬ್ಬರಿಂದ ಬಹಳ ತಡವಾಗಿ ತಿಳಿಯಿತು. ಕಥೆ ಅರ್ಧಕ್ಕೇ ನಿಂತಿತಂತೆ.

ಗಮಕ ವಾಚನದ ಮಹತ್ತ್ವವನ್ನು ಕರಿಹಲಗೆಯ ಮೇಲೆ ಬರೆಸುತ್ತಿದ್ದ ಮೇಷ್ಟ್ರಿಗೆ, ತನ್ನ ಶಾಲೆಯ ಅಂಗಳದಲ್ಲಿಯೇ ನಡೆಯುತ್ತಿದ್ದ ವಾಚನ ಕಾಣಿಸಲಿಲ್ಲ! ತಿರುಮಲಾಂಬಾ ಅವರ ಬದುಕನ್ನು ಓದುವಾಗಲೆಲ್ಲ ನನಗೆ ನೆನಪಾಗುವುದು ಆ ಮೂರನೆಯ ಬೆಂಚು. ಬರೆಯುವವರಷ್ಟೇ ಅಲ್ಲ, ಓದಿ ಹೇಳುವವರೂ ಒಂದು ಕಟುಮಾತಿಗೆ ಮೌನವಾಗಿಬಿಡುತ್ತಾರೆ.

ನಿವೃತ್ತಿಯ ದಿನ ಬೀರು ಖಾಲಿ ಮಾಡುವಾಗ ಆ ಪುಸ್ತಕ ಸಿಕ್ಕಿತು. ಈಗ ಅದು ನನ್ನ ಮೇಜಿನ ಮೇಲೆ, 'ಸುಶೀಲೆ'ಯ ಪಕ್ಕದಲ್ಲಿದೆ. ಅಂದು ಅವಳು ಗುರುತಿಗೆಂದು ಇಟ್ಟಿದ್ದ ನವಿಲುಗರಿಯೂ ಅದೇ ಪುಟದಲ್ಲಿದೆ. ನಾನು ಅದನ್ನು ಕದಲಿಸಿಲ್ಲ.

ಆದ್ದರಿಂದ ನಿಮ್ಮಲ್ಲಿ ನನ್ನದೊಂದು ವಿನಂತಿ. ನೀವು ಈಗ ಓದುತ್ತಿರುವುದನ್ನು ನನಗೆ ಬರೆದು ತಿಳಿಸಿ. ದೊಡ್ಡ ಗ್ರಂಥವೇ ಆಗಬೇಕೆಂದಿಲ್ಲ. ಪತ್ತೇದಾರಿಯಾದರೂ ಸರಿ, ಅಡಿಗೆಯ ಪುಸ್ತಕವಾದರೂ ಸರಿ. ನಾನು ಇನ್ನು ಅಣಕಿಸುವುದಿಲ್ಲ. ಜಾತ್ರೆಗೆ ಊರಿಗೆ ಬರುವವರು ಓದಿ ಮುಗಿಸಿದ ಒಂದು ಪುಸ್ತಕವನ್ನು ತನ್ನಿ, ನನ್ನ ಮನೆಯಿಂದ ಇನ್ನೊಂದನ್ನು ಕೊಂಡೊಯ್ಯಿರಿ. ನಿಮ್ಮ ಮಕ್ಕಳನ್ನು ಅಂಕ ಎಷ್ಟು ಎಂದು ಕೇಳುವ ಮೊದಲು ಏನು ಓದುತ್ತಿದ್ದೀಯೆ ಎಂದು ಒಮ್ಮೆ ಕೇಳಿ.

ಕೊನೆಯದಾಗಿ ಒಂದು ಮಾತು. ಆ ಮೂರನೆಯ ಬೆಂಚಿನ ಹುಡುಗಿಯ ಗೆಳತಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಅವಳಿಗೆ ದಯವಿಟ್ಟು ತಿಳಿಸಿ: ತಾಯಿ, ನಿನ್ನ ಪುಸ್ತಕ ನನ್ನ ಬಳಿ ಭದ್ರವಾಗಿದೆ. ಬಂದು ತೆಗೆದುಕೊಂಡು ಹೋಗು. ಬಿಡುವಿದ್ದರೆ ಒಂದು ಗಳಿಗೆ ಕುಳಿತು, ಉಳಿದ ಕಥೆಯನ್ನು ನನಗೂ ಹೇಳು.