ಸ್ಕಿಜೋಫ್ರೀನಿಯಾದಲ್ಲಿ ಅರಿವಿನ ಜೈವಿಕ ಸೂಚಕಗಳು

ಸ್ಕಿಜೋಫ್ರೀನಿಯಾ ಇರುವವರ ಗಮನ, ನೆನಪು, ಯೋಜನಾಶಕ್ತಿ, ಎದುರಿನವರ ಭಾವವನ್ನು ಗ್ರಹಿಸುವ ಸಾಮರ್ಥ್ಯ ಇವುಗಳ ಸ್ಥಿತಿಯನ್ನು ರಕ್ತಪರೀಕ್ಷೆ, ಮಿದುಳಿನ ವಿದ್ಯುತ್ ಚಟುವಟಿಕೆ ಅಥವಾ ಚಿತ್ರಣದಿಂದ ತಿಳಿಸಬಹುದಾದ ಅಳತೆಗಳು. ಇಲ್ಲದ ದನಿ ಕೇಳಿಸುವುದು, ಸಂಶಯ ಮೊದಲಾದ ಲಕ್ಷಣಗಳು ಔಷಧದಿಂದ ತಗ್ಗಿದ ಮೇಲೂ ಅರಿವಿನ ಕೊರತೆ ಬಹುಮಟ್ಟಿಗೆ ಉಳಿದುಬಿಡುತ್ತದೆ. ರೋಗಿ ಮತ್ತೆ ಕೆಲಸಕ್ಕೆ ಹೋಗಬಲ್ಲನೇ, ಸಂಸಾರ ನಡೆಸಬಲ್ಲನೇ ಎಂಬುದು ಹೆಚ್ಚಾಗಿ ಅದನ್ನೇ ಅವಲಂಬಿಸಿದೆ. ಆಸ್ಪತ್ರೆಯ ದಿನನಿತ್ಯದ ಬಳಕೆಗೆ ಒದಗುವ ಸೂಚಕ ಇನ್ನೂ ಸಿದ್ಧವಾಗಿಲ್ಲ.

ರಕ್ತ ಮತ್ತು ವಿದ್ಯುತ್ ಸೂಚಕಗಳು

ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನ್ ರೋಗಿಗಳ ರಕ್ತದಲ್ಲಿ ಸರಾಸರಿ ಕಡಿಮೆ. ಅರಿವಿನೊಂದಿಗೆ ಅದರ ನಂಟು ಮಾತ್ರ ದುರ್ಬಲ. ಉರಿಯೂತದ ಸೂಚಕಗಳು ಬೊಜ್ಜು, ಧೂಮಪಾನಗಳಿಂದಲೂ ಏರುತ್ತವೆ. ಫಿನ್ಲೆಂಡಿನ ರಿಸ್ಟೊ ನಾಟಾನೆನ್ 1978ರಲ್ಲಿ ವಿವರಿಸಿದ ಮಿಸ್‌ಮ್ಯಾಚ್ ನೆಗೆಟಿವಿಟಿ ಹೆಚ್ಚು ಭರವಸೆಯದು: ಒಂದೇ ಬಗೆಯ ಶಬ್ದಗಳ ನಡುವೆ ಬೇರೊಂದು ಶಬ್ದ ಬಂದಾಗ ಮಿದುಳಿನಲ್ಲಿ ಏಳುವ ಈ ಅಲೆ ರೋಗಿಗಳಲ್ಲಿ ಕುಗ್ಗಿರುತ್ತದೆ. ಇದಕ್ಕೆ ಓದುಬರಹ ಬೇಕಿಲ್ಲ, ಗಮನವಿಟ್ಟು ಕೇಳುವ ಅಗತ್ಯವೂ ಇಲ್ಲ.

ನಿಮ್ಹಾನ್ಸ್ ಅಧ್ಯಯನಗಳು

ಕರ್ನಾಟಕದಲ್ಲಿ ಈ ಕೆಲಸದ ಮುಖ್ಯ ನೆಲೆ ಬೆಂಗಳೂರಿನ ನಿಮ್ಹಾನ್ಸ್. ಮೊದಲು ಬೇಕಾಗಿದ್ದದ್ದು ಇಲ್ಲಿನ ಜನಕ್ಕೆ ಹೊಂದುವ ಪರೀಕ್ಷೆಗಳು. ಭಾರತೀಯ ಮುಖಗಳಲ್ಲಿ ಭಾವ ಗುರುತಿಸುವ 'ಟ್ರೆಂಡ್ಸ್' 2008ರಲ್ಲೂ, ಸಾಮಾಜಿಕ ಅರಿವನ್ನು ಅಳೆಯುವ 'ಸೊಕ್ರಾಟಿಸ್' 2011ರಲ್ಲೂ ಪ್ರಕಟವಾದವು. ಇವು ಇದ್ದುದರಿಂದಲೇ ಮುಂದಿನ ಜೈವಿಕ ಅಳತೆಗಳಿಗೆ ಅರ್ಥ ಬಂತು.

ಉರ್ವಕ್ಷ್ ಮೆಹ್ತಾ, ಜಗದೀಶ ತೀರ್ಥಹಳ್ಳಿ ಮತ್ತು ಸಹೋದ್ಯೋಗಿಗಳು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ವಿವರಕ್ಕೆ ಅರ್ಹ. ನೆತ್ತಿಯ ಬದಿಯಲ್ಲಿಟ್ಟ ಸುರುಳಿಯಿಂದ ಕಾಂತೀಯ ಮಿಡಿತ ಹಾಯಿಸಿದರೆ ಕೈಯ ಸ್ನಾಯು ಅದುರುತ್ತದೆ. ಆ ಅದುರಿನ ವಿದ್ಯುತ್ ಪ್ರಮಾಣವನ್ನು ಅಳೆಯಬಹುದು. ಇನ್ನೊಬ್ಬರು ಬೀಗದಲ್ಲಿ ಕೀಲಿ ತಿರುಗಿಸುವುದನ್ನು ನೋಡುವಾಗ ಈ ಪ್ರತಿಕ್ರಿಯೆ ಸಾಮಾನ್ಯವಾಗಿ ಹೆಚ್ಚುತ್ತದೆ, ನೋಡಿದ್ದನ್ನು ಮಿದುಳು ಒಳಗೇ ಅಭಿನಯಿಸುತ್ತದೆ ಎಂಬಂತೆ. ಇದನ್ನು ಕನ್ನಡಿ ನರಕೋಶಗಳ ಕ್ರಿಯೆಯ ಪರೋಕ್ಷ ಅಳತೆ ಎಂದು ಭಾವಿಸಲಾಗಿದೆ. ಔಷಧ ಇನ್ನೂ ಆರಂಭಿಸದ ರೋಗಿಗಳಲ್ಲಿ ಈ ಹೆಚ್ಚಳ ಕಡಿಮೆ ಇತ್ತು. ಕಡಿಮೆ ಇದ್ದಷ್ಟೂ ಸಾಮಾಜಿಕ ಅರಿವಿನ ಅಂಕಗಳೂ ಇಳಿದಿದ್ದವು. ಕಾರಣ ಯಾವುದು, ಪರಿಣಾಮ ಯಾವುದು ಎಂಬುದು ಇದರಿಂದ ತೀರ್ಮಾನವಾಗದು.

2013ರ ಇನ್ನೊಂದು ಅಧ್ಯಯನದಲ್ಲಿ ಒಂದು ತಿಂಗಳ ಯೋಗಾಭ್ಯಾಸದ ನಂತರ ರೋಗಿಗಳ ರಕ್ತದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನ್ ಏರಿತು, ಮುಖಭಾವ ಗುರುತಿಸುವುದೂ ಸುಧಾರಿಸಿತು. ಭಾಗವಹಿಸಿದವರು ಕೆಲವೇ ಮಂದಿ.

ಭಾಷೆ ಮತ್ತು ಶಿಕ್ಷಣ

ಸೂಚಕ ಎಷ್ಟೇ ನಿಖರವಾಗಿರಲಿ, ಅದನ್ನು ಹೋಲಿಸಿ ನೋಡುವುದು ಅರಿವಿನ ಪರೀಕ್ಷೆಯೊಂದಿಗೇ. 2004ರ ನಿಮ್ಹಾನ್ಸ್ ನರಮನೋವೈಜ್ಞಾನಿಕ ಪರೀಕ್ಷಾಮಾಲೆ ವಯಸ್ಸು, ಲಿಂಗ, ಶಿಕ್ಷಣಗಳಿಗೆ ತಕ್ಕಂತೆ ಮಾನದಂಡ ಕೊಟ್ಟಿದ್ದು ಅದಕ್ಕೇ. ಆಂಧ್ರದ ಗಡಿಗೆ ಹತ್ತಿರವಿರುವ ಮುಳಬಾಗಿಲು ತಾಲ್ಲೂಕಿನ ಬೈರಕೂರು ಸೀಮೆಯಲ್ಲಿ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ ಆಗಿರುವವರು ಬಹಳ. ಇಂಥವರಿಗೆ ಪದಗಳ ಪಟ್ಟಿಯನ್ನು ಕನ್ನಡದಲ್ಲಷ್ಟೇ ಓದಿ ಹೇಳಿಸಿದರೆ ಕಡಿಮೆ ಅಂಕ ಬಂದದ್ದು ರೋಗದಿಂದಲೋ ಭಾಷೆಯಿಂದಲೋ ತಿಳಿಯದು.

ಔಷಧಗಳ ಪ್ರಭಾವ

ಸ್ಕಿಜೋಫ್ರೀನಿಯಾದ ಔಷಧಗಳಿಂದಾಗುವ ಕೈನಡುಕ, ಸ್ನಾಯು ಬಿಗಿತಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ನೆನಪನ್ನು ಕುಗ್ಗಿಸುತ್ತದೆ. ರಕ್ತದಲ್ಲಿ ಕಂಡ ಯಾವುದೇ ವ್ಯತ್ಯಾಸವನ್ನು ಅರಿವಿನ ಸೂಚಕ ಎನ್ನುವ ಮೊದಲು ರೋಗಿ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಯೇ, ಎಷ್ಟು ಪ್ರಮಾಣದಲ್ಲಿ ಎಂಬುದನ್ನು ದಾಖಲಿಸುವುದು ಅಗತ್ಯ.