ಲೋಹಕ್ಷಯ ಪರೀಕ್ಷೆಯಲ್ಲಿ ಅನುಮಾನ ಪ್ರಮಾಣ

ಲೋಹವು ಎಷ್ಟು ಬೇಗ ಕ್ಷಯಿಸುವುದೆಂಬುದನ್ನು ತಿಳಿಯಲು ಪೂರ್ವದಿಂದ ನಡೆದುಬಂದ ಉಪಾಯವು ಸರಳವಾದುದು. ಲೋಹದ ತುಂಡನ್ನು ತೂಗಿ, ನೀರಿನಲ್ಲಿಯೋ ಗಾಳಿಯಲ್ಲಿಯೋ ಬಹುಕಾಲ ಇರಿಸಿ, ತುಕ್ಕನ್ನು ತೆಗೆದು ಮತ್ತೆ ತೂಗುವುದು. ಕಳೆದುಹೋದ ತೂಕವೇ ಕ್ಷಯದ ಅಳತೆ. ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಇದು ಪ್ರತ್ಯಕ್ಷ. ಇಂದು ಗಣಕಯಂತ್ರದ ತಂತ್ರಾಂಶವು ಕೆಲವೇ ನಿಮಿಷಗಳಲ್ಲಿ ತಿಳಿಸುವ ಕ್ಷಯದ ವೇಗವಾದರೋ ಅನುಮಾನ. ಒಂದರಿಂದ ಇನ್ನೊಂದಕ್ಕೆ ಬಂದ ದಾರಿಯನ್ನು ಪರಿಶೀಲಿಸಿದರೆ ಈ ಭೇದದ ಮಹತ್ತ್ವವು ವಿಶದವಾಗುವುದು.

ಇಂಗ್ಲೆಂಡಿನ ಯುದ್ಧನೌಕೆಗಳ ತಳಕ್ಕೆ ಹೊದಿಸಿದ ತಾಮ್ರದ ತಗಡು ಸಮುದ್ರದ ನೀರಿನಲ್ಲಿ ಸವೆಯುತ್ತಿದ್ದಿತು. ಆ ಸವೆತದ ಮೂಲವು ವಿದ್ಯುತ್ಕ್ರಿಯೆಯೆಂದು ನಿಶ್ಚಯಿಸಿದ ಹಂಫ್ರಿ ಡೇವಿಯು, ತಾಮ್ರಕ್ಕೆ ಸತುವಿನ ಅಥವಾ ಕಬ್ಬಿಣದ ತುಂಡನ್ನು ಜೋಡಿಸಿದರೆ ಅದು ತಾನು ಕರಗಿ ತಾಮ್ರವನ್ನು ಕಾಯುವುದೆಂದು 1824ರಲ್ಲಿ ರಾಯಲ್ ಸೊಸೈಟಿಗೆ ನಿರೂಪಿಸಿದನು. ತಾಮ್ರವೇನೋ ಉಳಿಯಿತು. ಆದರೆ ಕರಗುವ ತಾಮ್ರದ ವಿಷವೇ ಅದುವರೆಗೆ ದೂರವಿರಿಸಿದ್ದ ಪಾಚಿಯೂ ಚಿಪ್ಪಿನ ಜೀವಿಗಳೂ ತಳವನ್ನು ಮುತ್ತಲು ಹಡಗುಗಳ ವೇಗವು ಕುಗ್ಗಿತು. ನೌಕಾಖಾತೆಯು ಆ ಕ್ರಮವನ್ನು ಕೈಬಿಟ್ಟಿತು. ಪರೀಕ್ಷೆಯ ಉತ್ತರವು ಸತ್ಯವೇ ಆಗಿದ್ದಿತು. ಕೇಳಿದ ಪ್ರಶ್ನೆಯು ಸಂಕುಚಿತವಾಗಿದ್ದಿತು.

ಕರಗುವ ಲೋಹದ ಪ್ರಮಾಣವು ಹರಿದ ವಿದ್ಯುತ್ತಿನ ಪ್ರಮಾಣವನ್ನು ಅನುಸರಿಸುವುದೆಂಬ ನಿಯಮವನ್ನು ಮೈಕೇಲ್ ಫ್ಯಾರಡೆಯು 1834ರ ವೇಳೆಗೆ ಸ್ಥಾಪಿಸಿದನು. ಆದುದರಿಂದ ವಿದ್ಯುತ್ಪ್ರವಾಹವನ್ನು ಅಳೆದರೆ ಕ್ಷಯವನ್ನೂ ಅಳೆದಂತಾಯಿತು. ಆದರೆ ತುಕ್ಕು ಹಿಡಿಯುವ ಲೋಹದಲ್ಲಿ ಈ ಪ್ರವಾಹವು ಅದರ ಒಂದು ಬಿಂದುವಿನಿಂದ ಇನ್ನೊಂದಕ್ಕೆ ಒಳಗೊಳಗೇ ಹರಿಯುವುದರಿಂದ ನೇರವಾಗಿ ಅಳೆಯಲು ಸಾಧ್ಯವಿರಲಿಲ್ಲ. 1905ರಲ್ಲಿ ಯೂಲಿಯಸ್ ಟಾಫೆಲ್ ವಿಭವಕ್ಕೂ ಪ್ರವಾಹದ ಲಾಗರಿದಮ್ಮಿಗೂ ಇರುವ ಸಂಬಂಧವನ್ನು ತೋರಿಸಿದನು. 1942ರಲ್ಲಿ ಹಿಕ್ಲಿಂಗ್ ಎಂಬ ವಿದ್ವಾಂಸನು ವಿಭವವನ್ನು ತಾನಾಗಿಯೇ ಸ್ಥಿರವಾಗಿರಿಸುವ ಪೊಟೆನ್ಷಿಯೋಸ್ಟಾಟ್ ಯಂತ್ರವನ್ನು ವರ್ಣಿಸಿದನು. 1957ರಲ್ಲಿ ಸ್ಟರ್ನ್ ಮತ್ತು ಗಿಯರಿ ಎಂಬವರು, ವಿಭವವನ್ನು ಕೆಲವೇ ಮಿಲಿವೋಲ್ಟುಗಳಷ್ಟು ಸರಿಸಿದಾಗ ತೋರುವ ರೋಧದಿಂದ ಕ್ಷಯದ ಪ್ರವಾಹವನ್ನು ಗಣಿಸುವ ಸೂತ್ರವನ್ನು ಕೊಟ್ಟರು: ರೋಧವು ಹೆಚ್ಚಿದಷ್ಟೂ ಕ್ಷಯವು ಕಡಮೆ. ಹೊಗೆಯಿಂದ ಬೆಂಕಿಯನ್ನು ಊಹಿಸಲು ಬೇಕಾದ ವ್ಯಾಪ್ತಿಯಂತೆ, ಈ ಶಾಸ್ತ್ರಕ್ಕೆ ಈ ಸೂತ್ರವು ಆಧಾರವಾಯಿತು.

ಮೊದಲು ಪರೀಕ್ಷಕನೇ ತಿರುಪನ್ನು ತಿರುಗಿಸಿ, ಮುಳ್ಳನ್ನು ನೋಡಿ ಬರೆದುಕೊಂಡು, ಗೆರೆಕಾಗದದ ಮೇಲೆ ರೇಖೆಯನ್ನು ಎಳೆಯುತ್ತಿದ್ದನು. ಈ ಕೆಲಸವೆಲ್ಲವೂ ಈಗ ತಂತ್ರಾಂಶದ್ದು. ಆದರೆ ಸೂತ್ರದಲ್ಲಿ ಒಂದು ಗುಣಾಂಕವಿರುವುದು. ಅದನ್ನು ಮನುಷ್ಯನೇ ಒದಗಿಸಬೇಕು, ಇಲ್ಲವೆ ಬೇರೆ ಪರೀಕ್ಷೆಯಿಂದ ಪಡೆಯಬೇಕು. ಕಾಂಕ್ರೀಟಿನೊಳಗೆ ಕ್ಷಯಿಸುತ್ತಿರುವ ಉಕ್ಕಿಗೆ 26 ಮಿಲಿವೋಲ್ಟ್, ರಕ್ಷಕ ಪದರವು ಉಳಿದಿರುವ ಉಕ್ಕಿಗೆ 52 ಮಿಲಿವೋಲ್ಟ್ ಎಂಬುದು ರೂಢಿ. ಚದರ ಸೆಂಟಿಮೀಟರಿಗೆ 10 ಮೈಕ್ರೋ ಆಂಪಿಯರ್ ಪ್ರವಾಹವೆಂದರೆ ಕಬ್ಬಿಣವು ವರ್ಷಕ್ಕೆ ಸುಮಾರು 0.12 ಮಿಲಿಮೀಟರ್ ಸವೆಯುವುದು. 2 ಮಿಲಿಮೀಟರ್ ಸವೆಯಲು ಸುಮಾರು 17 ವರ್ಷ. ಗುಣಾಂಕವನ್ನು ತಪ್ಪಿ ಇಮ್ಮಡಿಯಾಗಿ ಕೊಟ್ಟರೆ ಅದೇ ಯಂತ್ರವು ಅದೇ ಲೋಹಕ್ಕೆ 9 ವರ್ಷಗಳೂ ತುಂಬದ ಆಯುಸ್ಸನ್ನು ವಿಧಿಸುವುದು. ದ್ರಾವಣದ ಸ್ವಂತ ರೋಧವನ್ನು ಕಳೆಯದೆ ಬಿಟ್ಟರೆ ಕ್ಷಯವು ಇರುವುದಕ್ಕಿಂತ ಕಡಮೆಯಾಗಿ ತೋರುವುದು. ವಿಭವವನ್ನು ಅತಿ ವೇಗವಾಗಿ ಸರಿಸಿದರೆ ಹೆಚ್ಚಾಗಿ ತೋರುವುದು. ತಾರ್ಕಿಕರು ಉಪಾಧಿಯೆಂದು ಕರೆಯುವ ದೋಷವು ಇಂತಹುದೇ.

ಸೇತುವೆಯ ಆಯುಸ್ಸು ಇಂತಹ ಸಂಖ್ಯೆಯನ್ನು ಅವಲಂಬಿಸಿರುವಾಗ, ತಂತ್ರಾಂಶದ ಉತ್ತರದೊಡನೆ ತೂಗಿ ಇಟ್ಟ ತುಂಡೊಂದನ್ನೂ ಕಾದಿರಿಸುವುದು ವಿವೇಕ. ಅನುಮಾನಕ್ಕೆ ಬಲವು ಬರುವುದು ಪ್ರತ್ಯಕ್ಷವು ಅದಕ್ಕೆ ಸಮ್ಮತಿಸಿದಾಗಲೇ.